ನೆಟ್ಟವರು ಹಲವರು, ನೀರೆರೆದವರು ಯಾರು?

(ವಿಜಯಪುರದ ಮಸೀದಿಯೊಂದರಲ್ಲಿ ಮೃಗಶಿರಾ ಮಳೆಗೆ ಮುನ್ನ ನೀಡಿದ ಜುಮಾ ಬಯಾನಿನ ಸಾರಾಂಶ)





ಪ್ರತಿ ಶುಕ್ರವಾರ ಈ ಜಾಗದಲ್ಲಿ ನಿಂತು ನಾನು ನಿಮಗೆ ತಖ್ವಾದ ಬಗ್ಗೆ ಹೇಳುತ್ತೇನೆ. ಅಲ್ಲಾಹನು ನೋಡುತ್ತಿದ್ದಾನೆ ಎಂಬ ಎಚ್ಚರದಲ್ಲಿ ಬದುಕುವುದೇ ತಖ್ವಾ. ಆ ಎಚ್ಚರ ನಮಾಝಿನ ಸಾಲಿನಲ್ಲಿ ಮಾತ್ರ ಇದ್ದರೆ ಸಾಲದು. ಅಂಗಡಿಯ ತಕ್ಕಡಿಯ ಮುಂದೆಯೂ ಇರಬೇಕು, ವುಝೂ ಮಾಡುವ ನಲ್ಲಿಯ ಮುಂದೆಯೂ ಇರಬೇಕು. ಇಂದು ನಲ್ಲಿಯ ಮುಂದಿನ ತಖ್ವಾದ ಬಗ್ಗೆ ಮಾತನಾಡುತ್ತೇನೆ. ಇದರಲ್ಲಿ ನನ್ನದೇ ಒಂದು ತಪ್ಪಿನ ಕಥೆಯಿದೆ. ಅದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇನೆ.

ಗೋಡೆಯ ಈಚೆ, ಗೋಡೆಯ ಆಚೆ

ಮೂರು ವರ್ಷಗಳ ಹಿಂದೆ ಜೂನ್ 5ರಂದು, ವಿಶ್ವ ಪರಿಸರ ದಿನದಂದು, ಮಸೀದಿಯ ಹಿಂದಿನ ಖಬರಸ್ತಾನದ ಅಂಚಿನಲ್ಲಿ ನಾವು ನೂರು ಸಸಿಗಳನ್ನು ನೆಟ್ಟದ್ದು ನಿಮಗೆಲ್ಲ ನೆನಪಿರಬಹುದು. ಬೇವು, ಹೊಂಗೆ, ಹುಣಸೆ. ನಮ್ಮ ಯುವಕರು ಎರಡು ದಿನ ಗುಂಡಿ ತೋಡಿದ್ದರು. ಹಿರಿಯರು ಬಂದಿದ್ದರು, ನೆರೆಯ ಓಣಿಯವರೂ ಬಂದಿದ್ದರು. ನಾನು ಅರ್ಧ ಗಂಟೆ ಭಾಷಣ ಮಾಡಿದೆ. ಮರುದಿನ ಪತ್ರಿಕೆಯಲ್ಲಿ ಫೋಟೊ ಬಂತು. ಸಸಿ ಹಿಡಿದುಕೊಂಡು ನಡುವೆ ನಿಂತಿದ್ದವನು ನಾನೇ.

ಆ ವರ್ಷ ಮಳೆ ಒಂದು ಬಾರಿ ಸುರಿದು ವಾರಗಟ್ಟಲೆ ಕೈಕೊಟ್ಟಿತು. ನಮ್ಮ ಜಿಲ್ಲೆಯ ಮಳೆಯ ರೀತಿ ನಿಮಗೆ ಗೊತ್ತು. ಜೂನಿನಲ್ಲಿ ಮುಖ ತೋರಿಸುತ್ತದೆ, ಗಟ್ಟಿಯಾಗಿ ಸುರಿಯುವುದು ಸೆಪ್ಟೆಂಬರಿನಲ್ಲಿ. ಪರಿಸರ ದಿನ ಜೂನ್ 5ರಂದು ಬರುತ್ತದೆ ಎಂಬ ಕಾರಣಕ್ಕೆ ಮಳೆ ಆ ದಿನವೇ ಬರುವುದಿಲ್ಲ. ಇದನ್ನು ನಮ್ಮ ರೈತ ಸಹೋದರರನ್ನು ಕೇಳಿದ್ದರೆ ಅಂದೇ ಹೇಳುತ್ತಿದ್ದರು. ನಾವು ಕೇಳಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ, ಬಿಸಿಲು ಏರಿದಾಗ, ಒಂದು ದಿನ ಜನಾಝಾ ಮುಗಿಸಿ ಮರಳುವಾಗ ಎಣಿಸಿದೆ. ನೂರರಲ್ಲಿ ಹನ್ನೊಂದು ಉಳಿದಿದ್ದವು. ಎಂಬತ್ತೊಂಬತ್ತು ಒಣಕಡ್ಡಿಗಳಾಗಿದ್ದವು.

ಅದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ. ಗೋಡೆಯ ಆಚೆ ಸಸಿಗಳು ನೀರಿಲ್ಲದೆ ಒಣಗುತ್ತಿದ್ದಾಗ, ಗೋಡೆಯ ಈಚೆ ನಮ್ಮ ವುಝೂ ನೀರು ದಿನಕ್ಕೆ ಐದು ಹೊತ್ತು ಚರಂಡಿಗೆ ಹರಿಯುತ್ತಿತ್ತು. ನಡುವೆ ಇದ್ದದ್ದು ಒಂಬತ್ತು ಇಂಚಿನ ಗೋಡೆ. ನಾವು ಆ ಗೋಡೆಗೆ ಒಂದು ತೂತು ಕೊರೆಯಲಿಲ್ಲ.

ಒಂದು ಎಣ್ಣೆ ಡಬ್ಬಿ

ಹಾಗಾದರೆ ಆ ಹನ್ನೊಂದು ಸಸಿಗಳು ಹೇಗೆ ಬದುಕಿದವು? ನಮ್ಮ ಜಮಾಅತ್‌ನ ಒಬ್ಬ ಹಿರಿಯರು ಪ್ರತಿದಿನ ಅಸರ್ ನಮಾಝಿನ ನಂತರ ಖಬರಸ್ತಾನಕ್ಕೆ ಹೋಗುತ್ತಿದ್ದರು. ಅವರ ಪತ್ನಿಯ ಖಬರ್ ಗೋಡೆಯ ಪಕ್ಕದಲ್ಲೇ ಇದೆ. ಅವರು ವುಝೂ ಮಾಡುವಾಗ ಕಾಲ ಬಳಿ ಒಂದು ಹಳೆಯ ಎಣ್ಣೆ ಡಬ್ಬಿ ಇಟ್ಟುಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೆ. ಏಕೆಂದು ಕೇಳಿರಲಿಲ್ಲ. ತಮ್ಮ ವುಝೂ ನೀರು, ಪಕ್ಕದಲ್ಲಿ ಕುಳಿತವರ ವುಝೂ ನೀರು ಆ ಡಬ್ಬಿಗೆ ಬೀಳುತ್ತಿತ್ತು. ತುಂಬಿದ ಡಬ್ಬಿಯನ್ನು ಎತ್ತಿಕೊಂಡು ಹೋಗಿ ಸಸಿಗಳಿಗೆ ಹಾಕುತ್ತಿದ್ದರು. ಉಳಿದಿದ್ದ ಹನ್ನೊಂದೂ ಆ ಖಬರಿನ ಸುತ್ತಮುತ್ತಲಿನವೇ.

ಎಣಿಸಿದ ದಿನ ನಾನು ಅವರನ್ನು ಕೇಳಿದೆ. ಅವರು ಹೇಳಿದ ಮಾತು ಹೀಗಿತ್ತು: "ಆಕೀಗೆ ನೆರಳಾಗ್ಲಿ ಅಂತ ಒಂದ ಗಿಡಕ್ಕ ನೀರು ಹಾಕ್ತಿದ್ದೆರಿ ಮೌಲಾನಾ. ಬಾಜೂದ ಗಿಡಾನೂ ನನ್ನ ಕಡೆ ನೋಡಿದಂಗಾಗ್ತಿತ್ತು. ಬಿಟ್ಟು ಹೋಗಾಕ ಮನಸ್ಸು ಬರಲಿಲ್ಲ."

ಸಹೋದರರೇ, ಅವರು ಪರಿಸರದ ಬಗ್ಗೆ ಭಾಷಣ ಮಾಡಲಿಲ್ಲ, ಫೋಟೊದಲ್ಲೂ ಇರಲಿಲ್ಲ. ಅವರ ಹೆಸರನ್ನು ಇಂದು ಇಲ್ಲಿ ಹೇಳುವುದಿಲ್ಲ, ಬದುಕಿದ್ದಾಗ ಹೇಳಿಸಿಕೊಳ್ಳಲು ಇಷ್ಟಪಟ್ಟವರಲ್ಲ. ಕಳೆದ ಚಳಿಗಾಲದಲ್ಲಿ ಅವರು ಅಲ್ಲಾಹನ ಕರೆಗೆ ಓಗೊಟ್ಟರು. ಪತ್ನಿಯ ಬಳಿಯೇ ಅವರನ್ನು ದಫನ್ ಮಾಡಿದೆವು. ಮಣ್ಣು ಕೊಡುವಾಗ ನಾವೆಲ್ಲ ನಿಂತದ್ದು ಅವರು ಬೆಳೆಸಿದ ಬೇವಿನ ನೆರಳಿನಲ್ಲಿ.

ಆದರೆ ಈ ಬೇಸಿಗೆಯಲ್ಲಿ ಆ ಹನ್ನೊಂದರಲ್ಲಿ ಎರಡು ಗಿಡಗಳು ಒಣಗಿದವು. ಅವರು ಹೋದ ಮೇಲೆ ಆ ಡಬ್ಬಿಯನ್ನು ಯಾರೂ ಎತ್ತಲಿಲ್ಲ. ಅದು ಇಂದಿಗೂ ವುಝೂಖಾನೆಯ ಮೂಲೆಯಲ್ಲಿ ಬೋರಲಾಗಿ ಬಿದ್ದಿದೆ. ನಿಮ್ಮಲ್ಲಿ ಹಲವರು ಇಂದು ಅದನ್ನು ದಾಟಿಕೊಂಡೇ ಒಳಗೆ ಬಂದಿದ್ದೀರಿ. ನಾನೂ ದಾಟಿಕೊಂಡೇ ಬಂದೆ. ಅದಕ್ಕಾಗಿಯೇ ಇಂದಿನ ಈ ಮಾತು.

ಸ್ವಲ್ಪವಾದರೂ ನಿರಂತರ

ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮ ಯಾವುದು ಎಂಬ ವಿಷಯದಲ್ಲಿ ಹ. ಆಯಿಶಾ(ರ) ವರದಿ ಮಾಡಿರುವ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಕರ್ಮವು ಸಣ್ಣದಾಗಿದ್ದರೂ ಸರಿ, ಬಿಡದೆ ಮಾಡುವಂಥದ್ದು ಅಲ್ಲಾಹನಿಗೆ ಹೆಚ್ಚು ಇಷ್ಟ ಎಂಬುದು ಅದರ ತಾತ್ಪರ್ಯ. ಈ ಹದೀಸನ್ನು ನಾವು ತಹಜ್ಜುದ್‌ಗೆ, ಕುರ್‌ಆನ್ ಪಾರಾಯಣಕ್ಕೆ ಅನ್ವಯಿಸುತ್ತೇವೆ. ಗಿಡಕ್ಕೆ ನೀರು ಹಾಕುವುದಕ್ಕೂ ಅದು ಅನ್ವಯಿಸುತ್ತದೆ.

ಗಿಡ ನೆಡುವುದರ ಪುಣ್ಯದ ಬಗ್ಗೆ ಹ. ಅನಸ್(ರ)ರ ವರದಿಯಿದೆ. ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಅಥವಾ ಬಿತ್ತಿದ ಬೆಳೆಯಿಂದ ಹಕ್ಕಿ ತಿಂದರೂ, ಮನುಷ್ಯ ತಿಂದರೂ, ಪ್ರಾಣಿ ತಿಂದರೂ ಅದು ಅವನ ಪಾಲಿಗೆ ಸದಕಾ ಆಗುತ್ತದೆ ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಇಲ್ಲಿ ಎರಡು ವಿಷಯಗಳನ್ನು ಗಮನಿಸಿ. ಒಂದು, ತಿನ್ನುವ ಮನುಷ್ಯ ಯಾವ ಧರ್ಮದವನು, ಯಾವ ಓಣಿಯವನು ಎಂಬ ಷರತ್ತು ಹದೀಸಿನಲ್ಲಿಲ್ಲ. ಮರದ ನೆರಳಿಗೂ ಆ ಷರತ್ತು ಇಲ್ಲ. ಎರಡು, ಹಕ್ಕಿ ತಿನ್ನಬೇಕಾದರೆ ಗಿಡ ಬದುಕಿ ಹಣ್ಣು ಬಿಡಬೇಕು. ನೆಟ್ಟು ಕೈಬಿಟ್ಟ ಸಸಿಯಲ್ಲಿ ಹಕ್ಕಿ ಏನು ತಿನ್ನೀತು?

ನಮಗೆ ನೂರು ಸಸಿಗಳನ್ನು ಉಚಿತವಾಗಿ ಕೊಟ್ಟವರು ನಂಬಿ ಕೊಟ್ಟಿದ್ದರು. ಅವನ್ನು ಸಸಿತೋಟದಲ್ಲಿ ಯಾರೋ ತಿಂಗಳುಗಟ್ಟಲೆ ನೀರೆರೆದು ಬೆಳೆಸಿದ್ದರು. ಅದು ಅಮಾನತ್ ಆಗಿತ್ತು. ಎಂಬತ್ತೊಂಬತ್ತು ಅಮಾನತ್‌ಗಳು ನಮ್ಮ ಕೈಯಲ್ಲಿ ಸತ್ತವು. ಅದರ ಹೊಣೆ ಮೊದಲು ನನ್ನದು, ಏಕೆಂದರೆ ನಡುವೆ ನಿಂತು ಫೋಟೊ ತೆಗೆಸಿಕೊಂಡವನು ನಾನು. ತೋರಿಕೆಯು ನಮಾಝನ್ನೇ ಹಾಳು ಮಾಡುತ್ತದೆ ಎಂದು ನಿಮಗೆ ಕಲಿಸುವವನು ಗಿಡ ನೆಡುವಾಗ ಅದನ್ನು ಮರೆತಿದ್ದೆ.

ವುಝೂ ನೀರಿನ ಲೆಕ್ಕ

ಕಳೆದ ತಿಂಗಳು ಮದ್ರಸದ ಹುಡುಗರ ಕೈಗೆ ಬಕೆಟ್ ಮತ್ತು ಅಳತೆಯ ಜಗ್ ಕೊಟ್ಟು ಒಂದು ಕೆಲಸ ಹೇಳಿದೆ. ನಮಾಝಿಗೆ ಬಂದವರು ನಲ್ಲಿ ಬಿಟ್ಟು ವುಝೂ ಮಾಡುವಾಗ ಎಷ್ಟು ನೀರು ಹೋಗುತ್ತದೆ ಎಂದು ಅಳೆಯುವುದು. ಸರಾಸರಿ ಆರು ಲೀಟರ್ ಬಂತು. ಮೊಬೈಲಿನಲ್ಲಿ ಮಾತನಾಡುತ್ತ ವುಝೂ ಮಾಡಿದ ಒಬ್ಬರದು ಹತ್ತು ಲೀಟರ್ ದಾಟಿತು. ನನ್ನದನ್ನೂ ಅಳೆಯಲು ಹೇಳಿದೆ. ಏಳು ಲೀಟರ್! ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗಬೇಕಾದ್ದೇ.

ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು, ಒಂದು ಸಾಅ್‌ನಿಂದ ಐದು ಮುದ್ದ್‌ವರೆಗಿನ ನೀರಿನಲ್ಲಿ ಗುಸ್ಲ್ ಮಾಡುತ್ತಿದ್ದರು ಎಂದು ಹ. ಅನಸ್(ರ) ವರದಿ ಮಾಡಿದ್ದಾರೆ. ಇದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಒಂದು ಮುದ್ದ್ ಎಂದರೆ ಇಂದಿನ ಅಳತೆಯಲ್ಲಿ ಸುಮಾರು ಮುಕ್ಕಾಲು ಲೀಟರ್, ನಮ್ಮ ಹನಫಿ ವಿದ್ವಾಂಸರ ಲೆಕ್ಕದಲ್ಲಿ ಸ್ವಲ್ಪ ಹೆಚ್ಚು. ಅಂದರೆ ಪ್ರವಾದಿ(ಸ)ರು ಗುಸ್ಲ್‌ಗೆ ಬಳಸಿದ್ದಕ್ಕಿಂತಲೂ ಹೆಚ್ಚು ನೀರನ್ನು ನಾವು ವುಝೂವಿಗೇ ಚೆಲ್ಲುತ್ತಿದ್ದೇವೆ.

ಹರಿಯುವ ಹೊಳೆಯ ದಡದಲ್ಲಿದ್ದರೂ ವುಝೂವಿನಲ್ಲಿ ನೀರು ಪೋಲು ಮಾಡಬಾರದು ಎಂದು ಪ್ರವಾದಿ(ಸ)ರು ಹ. ಸಅದ್(ರ)ರಿಗೆ ತಿಳಿಹೇಳಿದ ಘಟನೆ ಇಬ್ನು ಮಾಜಃದಲ್ಲಿದೆ. ಅದರ ಸನದಿನ ಬಲದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೆ ಇಸ್ರಾಫ್ ಕೂಡದು ಎಂಬುದರಲ್ಲಿ ಯಾವ ಚರ್ಚೆಯೂ ಇಲ್ಲ. ಉಣ್ಣಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿರಿ ಎಂಬ ಆದೇಶ ಸೂರಃ ಅಲ್ ಅಅ್‌ರಾಫ್‌ನಲ್ಲಿ ಸ್ಪಷ್ಟವಾಗಿದೆ.

ಈಗ ಲೆಕ್ಕ ಹಾಕೋಣ. ನಮ್ಮ ಮಸೀದಿಯಲ್ಲಿ ಒಂದು ಹೊತ್ತಿಗೆ ಸರಾಸರಿ 60 ಮಂದಿ ವುಝೂ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಐದು ಹೊತ್ತಿಗೆ 300 ವುಝೂ. ತಲೆಗೆ ಆರು ಲೀಟರಿನಂತೆ ದಿನಕ್ಕೆ 1,800 ಲೀಟರ್. ನಲ್ಲಿಯನ್ನು ಸಣ್ಣಗೆ ಬಿಟ್ಟು, ತಲೆಗೆ ಮಸಹ್ ಮಾಡುವಾಗ ನಿಲ್ಲಿಸಿ, ಎರಡು ಲೀಟರಿನಲ್ಲಿ ಮುಗಿಸಿದರೆ 600 ಲೀಟರ್ ಸಾಕು. ದಿನಕ್ಕೆ 1,200 ಲೀಟರ್, ತಿಂಗಳಿಗೆ 36,000 ಲೀಟರ್ ಉಳಿಯುತ್ತದೆ. ಅದು 5,000 ಲೀಟರಿನ ಏಳು ಟ್ಯಾಂಕರ್ ನೀರು. ಬೇಸಿಗೆಯಲ್ಲಿ ಆ ಟ್ಯಾಂಕರ್‌ಗಳಿಗೆ ದುಡ್ಡು ಕೊಡುವವರು ನೀವೇ, ಶುಕ್ರವಾರದ ಚಂದಾ ಹುಂಡಿಯಿಂದ.

ಉಳಿದ ಆ 600 ಲೀಟರ್ ಕೂಡ ಚರಂಡಿಗೆ ಹೋಗಬೇಕಾಗಿಲ್ಲ. ಒಂದು ಎಳೆಯ ಗಿಡಕ್ಕೆ ಎರಡು ದಿನಕ್ಕೊಮ್ಮೆ 10 ಲೀಟರ್ ಕೊಟ್ಟರೆ ಬೇಸಿಗೆ ದಾಟುತ್ತದೆ. ಇಪ್ಪತ್ತು ಗಿಡಗಳಿಗೆ ದಿನಕ್ಕೆ 100 ಲೀಟರ್. ಒಂದು ಅಸರ್ ನಮಾಝಿನ ವುಝೂ ನೀರು ಇಪ್ಪತ್ತು ಗಿಡಗಳನ್ನು ಬದುಕಿಸುತ್ತದೆ. ನಮ್ಮ ಹಿರಿಯರು ಒಂದು ಡಬ್ಬಿಯಲ್ಲಿ ಕಂಡುಕೊಂಡ ಲೆಕ್ಕ ಇದೇ.

ವುಝೂವಿಗೆ ಬಳಸಿದ ನೀರನ್ನು ಗಿಡಕ್ಕೆ ಹಾಕಬಹುದೇ ಎಂದು ಕೆಲವರು ಕೇಳಿದ್ದಾರೆ. ಹಾಕಬಹುದು. ಬಳಸಿದ ನೀರಿನಿಂದ ಮತ್ತೊಮ್ಮೆ ವುಝೂ ಮಾಡುವಂತಿಲ್ಲ. ಆದರೆ ಆ ನೀರು ನಜಿಸ್ ಅಲ್ಲ, ಅದು ಸ್ವತಃ ಶುದ್ಧವೇ ಎಂಬುದು ನಮ್ಮ ಮದ್‌ಹಬ್‌ನ ಫತ್ವಾ. ಶಾಫಿಈ ಮದ್‌ಹಬ್‌ನಲ್ಲೂ ಹಾಗೆಯೇ. ಗಿಡಕ್ಕೆ ಹಾಕಲು ಯಾವ ಅಡ್ಡಿಯೂ ಇಲ್ಲ. ಸಾಬೂನು ಬಳಸಿದ ನೀರು ಮಾತ್ರ ಬೇರೆಯೇ ಹೋಗಲಿ.

ನೆರೆಮನೆಯ ಬಾಗಿಲು

ಚರಂಡಿಗೆ ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ? ಅದನ್ನೂ ನಾವು ಯೋಚಿಸಿರಲಿಲ್ಲ. ಮಸೀದಿಯ ಹಿಂದಿನ ಓಣಿಯಲ್ಲಿ ಚರಂಡಿ ತಗ್ಗಾಗಿದೆ. ಅಲ್ಲಿ ನಮ್ಮ ನೀರು ನಿಲ್ಲುತ್ತದೆ. ಅದಕ್ಕೆ ಎದುರಾಗಿ ಒಂದು ಹಿಂದೂ ಕುಟುಂಬದ ಮನೆಯಿದೆ. ಆ ಮನೆಯ ಅಜ್ಜಿ ಮುತವಲ್ಲಿಯವರನ್ನು ತಡೆದು ಹೇಳಿದರಂತೆ: "ನಿಮ್ಮ ಗುಡಿಯ ನೀರು ನಮ್ಮ ಬಾಗಿಲಿಗೆ ನಿಂತೈತ್ರಿ ಸಾಹೇಬ್ರ, ಸೊಳ್ಳಿ ಕಾಟಕ್ಕ ಮೊಮ್ಮಕ್ಕಳು ನಿದ್ದಿ ಮಾಡವೊಲ್ಲವು."

ಆ ತಾಯಿ ಕೂಗಾಡಲಿಲ್ಲ, ಎಲ್ಲಿಯೂ ದೂರು ಕೊಡಲಿಲ್ಲ. ಅವರ ಸಹನೆಯೇ ನಮಗೆ ಹೆಚ್ಚು ಭಾರ. ಯಾರ ಕಿರುಕುಳದಿಂದ ನೆರೆಯವನು ಸುರಕ್ಷಿತನಲ್ಲವೋ ಅವನ ಈಮಾನ್ ಪೂರ್ಣವಲ್ಲ ಎಂಬ ಅರ್ಥದ ಹದೀಸನ್ನು ನಾವು ಬಾಯಿಪಾಠ ಮಾಡಿದ್ದೇವೆ. ನೆರೆಯವನನ್ನು ಹೊಡೆಯದಿದ್ದರೆ, ಬೈಯದಿದ್ದರೆ ಆಯಿತು ಎಂದುಕೊಂಡಿದ್ದೇವೆ. ನಾವು ಅಲ್ಲಾಹನ ಮುಂದೆ ನಿಲ್ಲಲು ಮುಖ ತೊಳೆದ ನೀರೇ ನೆರೆಮನೆಯ ಮಕ್ಕಳ ನಿದ್ದೆ ಕೆಡಿಸುತ್ತಿದ್ದರೆ ಆ ಹದೀಸಿಗೆ ನಮ್ಮ ಉತ್ತರವೇನು?

ಬುಖಾರಿಯಲ್ಲಿ ಹ. ನುಅಮಾನ್ ಬಿನ್ ಬಶೀರ್(ರ)ರ ವರದಿಯಲ್ಲಿ ಒಂದು ಹಡಗಿನ ಉಪಮೆ ಬರುತ್ತದೆ. ಕೆಲವರು ಮೇಲಿನ ಅಂತಸ್ತಿನಲ್ಲಿದ್ದಾರೆ, ಕೆಲವರು ಕೆಳಗಿದ್ದಾರೆ. ಕೆಳಗಿನವರು ನೀರಿಗಾಗಿ ಮೇಲಿನವರನ್ನು ದಾಟಿ ಹೋಗಬೇಕು. ಮೇಲಿನವರಿಗೆ ತೊಂದರೆ ಏಕೆ, ನಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆಯೋಣ ಎಂದು ಅವರು ಯೋಚಿಸುತ್ತಾರೆ. ಮೇಲಿನವರು ತಡೆಯದಿದ್ದರೆ ಎಲ್ಲರೂ ಮುಳುಗುತ್ತಾರೆ, ತಡೆದರೆ ಎಲ್ಲರೂ ಉಳಿಯುತ್ತಾರೆ. ತೂತು ಕೊರೆಯಲು ಹೊರಟವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ ಎಂಬುದನ್ನು ಗಮನಿಸಿ. ನಮ್ಮ ಉದ್ದೇಶವೂ ಕೆಟ್ಟದ್ದಲ್ಲ. ನಮ್ಮ ನಲ್ಲಿ, ನಮ್ಮ ಬೋರ್‌ವೆಲ್, ನಮ್ಮ ಚರಂಡಿ ಎಂದುಕೊಳ್ಳುತ್ತೇವೆ. ಆದರೆ ನೆಲದೊಳಗಿನ ನೀರಿಗೆ ಕಾಂಪೌಂಡ್ ಗೋಡೆ ಇಲ್ಲ. ಒಂದು ಓಣಿಯ ಬೋರ್‌ವೆಲ್ ಎಳೆದದ್ದು ಇನ್ನೊಂದು ಓಣಿಯ ಬೋರ್‌ವೆಲ್‌ಗೆ ಸಿಗುವುದಿಲ್ಲ. ನಿಮ್ಮ ನೀರು ನೆಲದೊಳಗೆ ಇಳಿದುಹೋದರೆ ಹರಿಯುವ ನೀರನ್ನು ನಿಮಗೆ ತಂದುಕೊಡುವವರು ಯಾರು ಎಂದು ಸೂರಃ ಅಲ್ ಮುಲ್ಕ್‌ನ ಕೊನೆಯ ವಚನದಲ್ಲಿ ಅಲ್ಲಾಹನು ಕೇಳುತ್ತಾನೆ. ಮಲಗುವ ಮುನ್ನ ಈ ಸೂರಃ ಓದುವವರು ನಮ್ಮಲ್ಲಿ ಹಲವರಿದ್ದಾರೆ. ಆ ಪ್ರಶ್ನೆಯನ್ನು ಒಮ್ಮೆ ನಿಂತು ಕೇಳಿಸಿಕೊಳ್ಳೋಣ.

ಬಾವಡಿಗಳು ಕಲಿಸುವ ಪಾಠ

ನಾವಿರುವ ಈ ಊರು ನೀರಿನ ಪಾಠ ಕಲಿತ ಊರು. ನದಿಯಿಲ್ಲದ, ಮಳೆ ಕಡಿಮೆಯಿರುವ ಈ ಕಲ್ಲುನೆಲದಲ್ಲಿ ಆದಿಲ್‌ಶಾಹಿಗಳು ರಾಜಧಾನಿಯನ್ನು ನೀರಿನ ಬಲದ ಮೇಲೆ ನಿಲ್ಲಿಸಿದರು. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದರು. 1579ರಲ್ಲಿ ಚಾಂದ್ ಬಾವಡಿ, 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಾಲಾಬ್ ಆದವು. ಪ್ರವಾಸಿಗರು ಗೋಲ್‌ಗುಂಬಜ್ ನೋಡಿ ಹೋಗುತ್ತಾರೆ. ನನಗೆ ಕೇಳಿದರೆ ತಾಜ್ ಬಾವಡಿಯ ಮೆಟ್ಟಿಲನ್ನೂ ನೋಡಬೇಕು. ಒಬ್ಬರ ಸಮಾಧಿಗಿಂತ ಊರಿನ ಬಾಯಾರಿಕೆ ತಣಿಸಿದ ಬಾವಿ ಹೆಚ್ಚು ಮಾತಾಡುತ್ತದೆ.

ಈ ಸಂಪ್ರದಾಯದ ಬೇರು ಮದೀನಾದಲ್ಲಿದೆ. ಮುಹಾಜಿರ್‌ಗಳು ಮದೀನಾಕ್ಕೆ ಬಂದಾಗ ಕುಡಿಯುವ ಸಿಹಿನೀರು ಸುಲಭವಾಗಿ ಸಿಗುತ್ತಿರಲಿಲ್ಲ. ರೂಮಾ ಎಂಬ ಬಾವಿಯ ನೀರನ್ನು ಹಣ ಕೊಟ್ಟು ಪಡೆಯಬೇಕಾಗಿತ್ತು. ಪ್ರವಾದಿ(ಸ)ರ ಪ್ರೋತ್ಸಾಹದಿಂದ ಹ. ಉಸ್ಮಾನ್(ರ) ಆ ಬಾವಿಯನ್ನು ಖರೀದಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಕೊಂಡವರ ಕೊಡವೂ ಉಳಿದವರ ಕೊಡವೂ ಅಲ್ಲಿ ಸಮಾನವಾಯಿತು.

ಆದರೆ ನಮ್ಮ ಊರಿನ ಬಾವಡಿಗಳಿಗೆ ಆಮೇಲೆ ಏನಾಯಿತು? ಮನೆಮನೆಗೆ ನಲ್ಲಿ ಬಂತು. ಕೊಡ ಹಿಡಿದು ಮೆಟ್ಟಿಲಿಳಿಯುವವರು ಇಲ್ಲವಾದರು. ಇಳಿಯುವವರಿದ್ದಾಗ ಬಾವಿಗೆ ಕಸ ಹಾಕುವವರನ್ನು ತಡೆಯುವವರೂ ಇದ್ದರು. ಆಮೇಲೆ ಹೂಳು ತುಂಬಿತು, ಪ್ಲಾಸ್ಟಿಕ್ ತೇಲಿತು. ಕೆಲವು ವರ್ಷಗಳ ಹಿಂದೆ ತಾಜ್ ಬಾವಡಿಯ ಹೂಳನ್ನು ತೆಗೆಸಬೇಕಾಯಿತು. ಬಾವಿ ಕಟ್ಟಿಸಿದವರ ಹೆಸರು ಇತಿಹಾಸದಲ್ಲಿದೆ. ವರ್ಷವರ್ಷ ಅದನ್ನು ಶುಚಿಯಾಗಿಟ್ಟವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅವರಿಲ್ಲದಿದ್ದರೆ ಆ ಬಾವಿ ನಾಲ್ಕು ನೂರು ವರ್ಷ ನೀರು ಕೊಡುತ್ತಿರಲಿಲ್ಲ. ಸದಕಾ ಜಾರಿಯಾ ಎಂದರೆ ಹರಿಯುತ್ತಲೇ ಇರುವ ದಾನ. ಹರಿಯುವಂತೆ ನೋಡಿಕೊಳ್ಳುವವನಿಗೂ ಅದರಲ್ಲಿ ಪಾಲಿದೆ ಎಂಬುದು ನನ್ನ ಆಶೆ.

ಇಷ್ಟು ಸಣ್ಣ ಕೆಲಸದಿಂದ ಏನಾದೀತು?

ಯುವಕರೊಬ್ಬರು ನನ್ನೊಂದಿಗೆ ವಾದಿಸಿದರು. ದೊಡ್ಡ ದೊಡ್ಡ ಕಾರ್ಖಾನೆಗಳು ಗಾಳಿ, ನೀರು ಕೆಡಿಸುತ್ತಿರುವಾಗ ನಮ್ಮ ಡಬ್ಬಿ ನೀರಿನಿಂದ ಏನು ಪ್ರಯೋಜನ ಎಂದರು. ಪ್ರಶ್ನೆ ಸರಿಯಾದದ್ದೇ. ನೆಲದಲ್ಲೂ ಜಲದಲ್ಲೂ ಕೇಡು ಹರಡಿರುವುದು ಮನುಷ್ಯರ ಕೈಗಳ ಗಳಿಕೆಯಿಂದಲೇ ಎಂದು ಸೂರಃ ಅರ್‌ರೂಮ್ ಹೇಳುವಾಗ ಅದರಲ್ಲಿ ದೊಡ್ಡ ಕೈಗಳೂ ಇವೆ, ಸಣ್ಣ ಕೈಗಳೂ ಇವೆ. ದೊಡ್ಡ ಕೈಗಳನ್ನು ಪ್ರಶ್ನಿಸಿ. ಚರಂಡಿ ಸರಿಪಡಿಸುವುದು ನಗರಾಡಳಿತದ ಕರ್ತವ್ಯ, ಅದಕ್ಕೆ ಅರ್ಜಿ ಕೊಡೋಣ, ಆ ಅಜ್ಜಿಯ ಮನೆಯವರೊಂದಿಗೆ ಸೇರಿಯೇ ಕೊಡೋಣ. ನಾವು ಸ್ವಯಂಸೇವೆ ಮಾಡುತ್ತೇವೆ ಎಂಬುದರಿಂದ ಅವರ ಹೊಣೆ ಇಳಿಯುವುದಿಲ್ಲ. ಹಾಗೆಯೇ ಅವರು ಮಾಡಲಿಲ್ಲ ಎಂಬುದರಿಂದ ನಮ್ಮ ಹೊಣೆಯೂ ಇಳಿಯುವುದಿಲ್ಲ.

ಕೈಯಲ್ಲಿ ಸಸಿ ಇರುವಾಗ ಅಂತ್ಯದಿನವೇ ಬಂದುಬಿಟ್ಟರೂ, ಸಾಧ್ಯವಾದರೆ ಅದನ್ನು ನೆಟ್ಟುಬಿಡಲಿ ಎಂಬ ಅರ್ಥದ ಹದೀಸ್ ಮುಸ್ನದ್ ಅಹ್ಮದ್‌ನಲ್ಲಿದೆ. ಆ ಸಸಿ ಮರವಾಗುವುದಿಲ್ಲ, ಅದರ ಹಣ್ಣನ್ನು ಯಾರೂ ತಿನ್ನುವುದಿಲ್ಲ. ಆದರೂ ನೆಡು. ಫಲ ನಮ್ಮ ಕೈಯಲ್ಲಿಲ್ಲ, ಕೈಯಲ್ಲಿರುವುದು ಸಸಿ ಮಾತ್ರ. ಅಂತ್ಯದಿನದಂದೇ ಹೀಗಾದರೆ, ನೀರೆರೆಯಲು ಪೂರ್ತಿ ಬೇಸಿಗೆ ನಮ್ಮ ಮುಂದಿರುವಾಗ ನಮ್ಮ ನೆಪಕ್ಕೆ ಜಾಗವೆಲ್ಲಿ?

ಈ ವರ್ಷ ಮೂರೇ ಕೆಲಸ

ಮುತವಲ್ಲಿಯವರು ಮತ್ತು ಕಮಿಟಿಯವರೊಂದಿಗೆ ಕುಳಿತು ಈ ವರ್ಷಕ್ಕೆ ಮೂರು ಕೆಲಸಗಳನ್ನು ನಿಶ್ಚಯಿಸಿದ್ದೇವೆ. ಮೂರಕ್ಕಿಂತ ಹೆಚ್ಚು ಬೇಡ ಎಂದು ನಾನೇ ಹೇಳಿದೆ.

ಮೊದಲನೆಯದು, ವುಝೂ ನೀರು. ಒಂಬತ್ತು ಇಂಚಿನ ಆ ಗೋಡೆಗೆ ಈಗಲಾದರೂ ತೂತು ಕೊರೆಯೋಣ. ವುಝೂಖಾನೆಯ ನೀರು ಮೊದಲು ಒಂದು ತೊಟ್ಟಿಯಲ್ಲಿ ನಿಂತು ಕಸ ತಳಕ್ಕಿಳಿಯುತ್ತದೆ. ಅಲ್ಲಿಂದ ಜಲ್ಲಿ ಮತ್ತು ಮರಳು ತುಂಬಿದ ಡ್ರಮ್ಮಿನ ಮೂಲಕ ಸೋಸಿ, ಪೈಪಿನಲ್ಲಿ ಖಬರಸ್ತಾನದ ಅಂಚಿಗೆ ಹೋಗುತ್ತದೆ. ನೀರು ಎಲ್ಲಿಯೂ ತೆರೆದು ನಿಲ್ಲಬಾರದು, ಮುಚ್ಚಳವಿರಬೇಕು. ಇಲ್ಲವಾದರೆ ಅಜ್ಜಿಯ ಬಾಗಿಲಿನ ಸೊಳ್ಳೆಯನ್ನು ನಮ್ಮ ಅಂಗಳಕ್ಕೆ ಕರೆತಂದಂತಾಗುತ್ತದೆ. ನಮ್ಮ ಜಮಾಅತ್‌ನಲ್ಲಿ ಪ್ಲಂಬಿಂಗ್ ಮಾಡುವ ಮೂವರು ಕೂಲಿ ಇಲ್ಲದೆ ಈ ಕೆಲಸ ಮಾಡುವುದಾಗಿ ಒಪ್ಪಿದ್ದಾರೆ. ಅವರ ಹುನರ್ ಅವರ ಸದಕಾ. ಆದರೆ ಅವರ ಕೆಲಸ ಎರಡು ದಿನದ್ದು. ಡ್ರಮ್ಮಿನ ಮೇಲ್ಪದರದ ಮರಳನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು. ಅದು ವರ್ಷಪೂರ್ತಿಯ ಕೆಲಸ. ಆ ಪಾಳಿಗೆ ಜನ ಬೇಕು.

ಎರಡನೆಯದು, ಗಿಡಗಳು. ಈ ಬಾರಿ ನೂರು ನೆಡುವುದಿಲ್ಲ. ಇಪ್ಪತ್ತು ಮಾತ್ರ. ಜೂನಿನಲ್ಲಿ ಗುಂಡಿ ತೆಗೆದು ಬಿಸಿಲು ಕಾಯಿಸಿ, ಗೊಬ್ಬರ ತುಂಬಿ ಇಡೋಣ. ನೆಲ ಚೆನ್ನಾಗಿ ನೆನೆದ ಮೇಲೆ ನೆಡೋಣ, ಅದು ಯಾವ ದಿನವೇ ಆಗಲಿ. ಖಬರ್‌ಗಳ ನಡುವೆ ಅಗೆಯುವುದು ಬೇಡ, ಅಂಚಿನ ಸಾಲು ಸಾಕು. ಒಂದೊಂದು ಗಿಡಕ್ಕೆ ಒಂದೊಂದು ಮನೆ ಹೊಣೆ, ಎರಡು ಬೇಸಿಗೆ ದಾಟುವವರೆಗೆ. ಉಳಿದಿರುವ ಒಂಬತ್ತು ಗಿಡಗಳ ಹೊಣೆಯನ್ನು ನಾನು ಮತ್ತು ಮದ್ರಸದ ಮಕ್ಕಳು ಹೊತ್ತಿದ್ದೇವೆ. ಆ ಎಣ್ಣೆ ಡಬ್ಬಿಯನ್ನು ಇಂದು ಅಸರ್‌ಗೆ ನಾನೇ ಎತ್ತುತ್ತೇನೆ.

ಮೂರನೆಯದು, ದಾವತ್‌ನ ತಟ್ಟೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಲಾಗಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಇಂಥ ಹಲವು ವಸ್ತುಗಳಿಗೆ ನಿಷೇಧವಿದೆ. ಆದರೂ ಇಫ್ತಾರ್‌ನ ಮರುದಿನ ನಮ್ಮ ಮಸೀದಿಯ ಮೂಲೆ ಹೇಗಿರುತ್ತದೆ ಎಂಬುದು ನಿಮಗೆ ಗೊತ್ತು. ಅದಕ್ಕೆ ಬೆಂಕಿ ಹಚ್ಚಿದರೆ ವಿಷದ ಹೊಗೆ ಮತ್ತದೇ ನೆರೆಮನೆಗೆ. ದಾನಿಗಳ ನೆರವಿನಿಂದ 300 ಸ್ಟೀಲ್ ತಟ್ಟೆ, 300 ಲೋಟ ಕೊಂಡು ಮಸೀದಿಯಲ್ಲಿಡುತ್ತೇವೆ. ನಿಕಾಹ್, ಅಕೀಕಾ, ಇಫ್ತಾರ್ ಯಾವುದಕ್ಕೂ ಉಚಿತ. ನೆರೆಯ ಓಣಿಯವರ ಮದುವೆಗೂ ಉಚಿತ. ಒಂದೇ ಷರತ್ತು, ಎಣಿಸಿ ಒಯ್ದು, ತೊಳೆದು, ಎಣಿಸಿ ತಂದಿಡಬೇಕು. ಇಲ್ಲಿಯೂ ಕೊಳ್ಳುವುದು ಸುಲಭ, ತೊಳೆಯುವುದೇ ಕಷ್ಟ. ಆ ತೊಳೆಯುವಿಕೆಯನ್ನು ಹೆಣ್ಣುಮಕ್ಕಳ ತಲೆಗೆ ಕಟ್ಟಬೇಡಿ ಎಂದು ಯುವಕರಿಗೆ ವಿಶೇಷವಾಗಿ ಹೇಳುತ್ತೇನೆ. ರಾತ್ರಿ ನೀರು ಬಿಟ್ಟಾಗ ಎದ್ದು ಕೊಡ ತುಂಬಿಸುವವರು ಈಗಾಗಲೇ ಅವರೇ. ಒಂದು ಕೊಡದ ಬೆಲೆ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಪ್ರವಾದಿ(ಸ)ರು ಮನೆಯ ಕೆಲಸಗಳಲ್ಲಿ ಮನೆಯವರಿಗೆ ನೆರವಾಗುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ತಟ್ಟೆ ತೊಳೆದರೆ ನಮ್ಮ ಮಾನ ಹೋಗುವುದಿಲ್ಲ.

ತಾರಸಿಯ ಮಳೆನೀರಿನ ವಿಷಯವನ್ನೂ ಕೆಲವರು ಎತ್ತಿದ್ದಾರೆ. ಒಳ್ಳೆಯ ಸಲಹೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು 500ರಿಂದ 600 ಮಿಲಿಮೀಟರ್ ಮಳೆ. 2,000 ಚದರ ಅಡಿಯ ತಾರಸಿಯ ಮೇಲೆ 500 ಮಿಲಿಮೀಟರ್ ಬಿದ್ದರೂ 90,000 ಲೀಟರ್ ದಾಟುತ್ತದೆ. ಆದರೆ ಅದು ಮುಂದಿನ ವರ್ಷಕ್ಕಿರಲಿ. ಮೊದಲು ಈ ಮೂರನ್ನು ಒಂದು ವರ್ಷ ಬಿಡದೆ ನಡೆಸಿ ತೋರಿಸೋಣ. ನಡೆಸಲಾಗದಿದ್ದರೆ ನಾಲ್ಕನೆಯದನ್ನು ಹಿಡಿಯುವ ಅರ್ಹತೆ ನಮಗಿಲ್ಲ.

ಹೆಸರು ಬರೆಸುವ ಮುನ್ನ

ನಮಾಝಿನ ನಂತರ ಬಾಗಿಲ ಬಳಿ ಒಂದು ನೋಟ್‌ಬುಕ್ ಇರುತ್ತದೆ. ಹೆಸರು ಬರೆಸುವ ಮುನ್ನ ಯೋಚಿಸಿ. ಇಂದಿನ ಉತ್ಸಾಹಕ್ಕೆ ಬರೆಸಬೇಡಿ. ಮುಂದಿನ ಏಪ್ರಿಲ್ ತಿಂಗಳ ಅಸರ್ ಹೊತ್ತಿನ ಬಿಸಿಲನ್ನು ನೆನೆಸಿಕೊಂಡು, ಆಗಲೂ ಬರುತ್ತೇನೆ ಎಂದಾದರೆ ಬರೆಸಿ. ವಾರಕ್ಕೆ ಒಂದೇ ದಿನ ಸಾಧ್ಯವಿದ್ದರೆ ಒಂದೇ ದಿನಕ್ಕೆ ಬರೆಸಿ. ಊರಿಗೆ ಹೋಗುವಾಗ ಪಾಳಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೋಗಿ. ಇಪ್ಪತ್ತು ಮನೆ ಸಿಗದೆ ಏಳೇ ಮನೆ ಸಿಕ್ಕರೆ ಏಳೇ ಗಿಡ ನೆಡುತ್ತೇವೆ. ಈ ಬಾರಿ ಫೋಟೊ ಇಲ್ಲ. ಎರಡು ಬೇಸಿಗೆ ದಾಟಿದ ಮೇಲೆ, ಗಿಡಗಳ ನೆರಳಿನಲ್ಲಿ ಒಂದು ತೆಗೆಸೋಣ, ಇನ್‌ಶಾ ಅಲ್ಲಾಹ್.

ನಮ್ಮ ಆ ಹಿರಿಯರಿಗಾಗಿ ದುಆ ಮಾಡೋಣ. ಯಾ ಅಲ್ಲಾಹ್, ಅವರು ಎರೆದ ಪ್ರತಿ ಹನಿಯನ್ನೂ ಸ್ವೀಕರಿಸು, ಅವರ ಮತ್ತು ಅವರ ಪತ್ನಿಯ ಖಬರನ್ನು ಬೆಳಗಿಸು. ಶುರು ಮಾಡಿ ಕೈಬಿಟ್ಟ ನಮ್ಮ ಕೆಲಸಗಳನ್ನು ಕ್ಷಮಿಸು. ನೀನು ಕೊಟ್ಟ ನೀರಿನ ಮುಂದೆ ನಮ್ಮ ಕೈಗಳನ್ನು ಹಿಡಿತದಲ್ಲಿಡು. ನಮ್ಮಿಂದ ನೆರೆಯವರಿಗೆ ಆದ ತೊಂದರೆಯನ್ನು ಸರಿಪಡಿಸುವ ತೌಫೀಖ್ ಕೊಡು. ಈ ವರ್ಷದ ಮಳೆಯನ್ನು ನಮಗೂ, ನಮ್ಮ ನೆರೆಹೊರೆಗೂ, ಹೊಲದ ಬೆಳೆಗೂ, ಹಕ್ಕಿ ಪ್ರಾಣಿಗಳಿಗೂ ರಹ್ಮತ್ ಆಗಿಸು. ಆಮೀನ್.